ಮಾತು ಬಿಟ್ಟವರ ಕ್ಯಾಂಪು

ನಾನು ಬಾಯಿಬಡುಕಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ನನ್ನ ನಾದಿನಿ ಹೇಳುತ್ತಾಳೆ, ಅವಳಿಗೆ ಆ ಸಂತೋಷ ಯಾಕೆ ಕೊಡಬೇಕು? ಬ್ಯಾಂಕಿನ ಕಟ್ಟಡದ ನೆಲಮಾಳಿಗೆಯಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ಹೊಸ ಬಟ್ಟೆ ಹೊಲಿಯುವುದಿಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಕೆಟ್ಟುಹೋದ ಜಿಪ್ಪನ್ನು ಕಿತ್ತು ಬೇರೆ ಕೂರಿಸುವುದು, ಇಷ್ಟೇ ನನ್ನ ಕಸುಬು. ಕಿಟಕಿ ಅಂತ ಇರುವುದು ಚಾವಣಿಯ ಹತ್ತಿರ ಒಂದೇ. ಅದರಲ್ಲಿ ಬೀದಿಯಲ್ಲಿ ಓಡಾಡುವವರ ಪಾದಗಳು ಮಾತ್ರ ಕಾಣುತ್ತವೆ. ಪಾದಗಳ ಹತ್ತಿರ ಎಷ್ಟು ಹೊತ್ತು ಮಾತಾಡಲಿಕ್ಕಾಗುತ್ತದೆ? ಹಾಗಾಗಿ ಗಿರಾಕಿ ಮೆಟ್ಟಿಲಿಳಿದು ಬಂದರೆ ಸಾಕು, ನನ್ನ ಕೈಗೆ ಸಿಕ್ಕಿಬಿದ್ದ ಹಾಗೆಯೇ.

ನನ್ನ ಗಂಡ ಡ್ರೈವಿಂಗ್ ಶಾಲೆಯಲ್ಲಿ ಮೇಷ್ಟ್ರು. ಎರಡು ಕಡೆ ಬ್ರೇಕಿರುವ ಪುಟ್ಟ ಬಿಳಿ ಕಾರಿನಲ್ಲಿ ಕೂತು ಊರಿನ ಅರ್ಧ ಜನಕ್ಕೆ ಗಾಡಿ ಓಡಿಸುವುದನ್ನು ಕಲಿಸಿದವರು. ಅವರ ದನಿಯೆಂದರೆ ದನಿ! ಕಿಟಕಿ ಮುಚ್ಚಿದ್ದರೂ ಫುಟ್‌ಪಾತಿನಲ್ಲಿ ಹೋಗುವವರು ಬೆಚ್ಚಿ ನಿಲ್ಲುತ್ತಿದ್ದರು. ಆದರೆ ಬೈಸಿಕೊಂಡವರೂ ನಗುತ್ತಲೇ ಕಾರಿನಿಂದ ಇಳಿಯುತ್ತಿದ್ದರು. "ಸ್ಟೇರಿಂಗನ್ನ ಹಿಡ್ಕೊಳ್ಳಿ ಮೇಡಂ, ಅದರ ಕುತ್ತಿಗೆ ಹಿಸುಕಬೇಡಿ, ಪಾಪ, ಅದೇನು ಮಾಡಿದೆ ನಿಮಗೆ?" ಅನ್ನುವಂಥ ಬೈಗುಳ ಅದು. ಮನೆಗೆ ಬಂದರೆ ಅವರದೊಂದು, ನನ್ನದೊಂದು. ನಮ್ಮಿಬ್ಬರಲ್ಲಿ ಯಾರು ಯಾರ ಮಾತನ್ನು ಕೇಳಿಸಿಕೊಳ್ಳುತ್ತಿದ್ದರೋ ದೇವರಿಗೇ ಗೊತ್ತು.

ಕಳೆದ ಚಳಿಗಾಲದ ಕೊನೆಯಲ್ಲಿ ಆ ಗಂಟಲಿಗೇ ಕಾಯಿಲೆ ಬಂತು. ಅದರ ಹೆಸರು ಹೇಳುವುದಿಲ್ಲ, ಹೇಳದೆಯೂ ಎಲ್ಲರಿಗೂ ಗೊತ್ತಾಗುತ್ತದೆ. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು. ಈಗ ಅವರು ಉಸಿರಾಡುವುದು ಮೂಗಿನಿಂದಲ್ಲ, ಕುತ್ತಿಗೆಯ ಬುಡದಲ್ಲಿರುವ ಒಂದು ರಂಧ್ರದಿಂದ. ಒಳಗೆ ಒಂದು ಪುಟ್ಟ ಕವಾಟ ಕೂರಿಸಿದ್ದಾರೆ. ರಂಧ್ರವನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ ಉಸಿರು ಬಿಟ್ಟರೆ ಆ ಗಾಳಿ ಬಾಯಿಗೆ ಬಂದು ಮಾತಾಗುತ್ತದೆ. ಹಳೆಯ ದನಿಯಲ್ಲ, ಒರಟು ದನಿ, ಮರಳು ಬಿದ್ದ ನೆಲದ ಮೇಲೆ ಕುರ್ಚಿ ಎಳೆದ ಹಾಗೆ. ಆದರೂ ಅದು ಮಾತೇ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಬಹಳ ಖುಷಿಪಟ್ಟಿದ್ದರು. "ಇಷ್ಟು ಬೇಗ ಇಷ್ಟು ಸ್ಪಷ್ಟವಾಗಿ ಮಾತಾಡೋರನ್ನ ನಾನು ನೋಡೇ ಇಲ್ಲ" ಅಂದರು. ಮನೆಗೆ ಬಂದ ಮೇಲೆ ಇವರು ಉತ್ಸಾಹದಿಂದ ಯಾವುದೋ ಆಫೀಸಿಗೆ ಫೋನ್ ಮಾಡಿದರು. ಆ ಕಡೆ ಇದ್ದ ಹುಡುಗಿ ಯಾರೋ ಪೋಲಿ ಫೋನ್ ಅಂದುಕೊಂಡು ಛೀ ಅಂತ ಇಟ್ಟುಬಿಟ್ಟಳು. ಅಷ್ಟೇ. ಅಂದು ಮುಚ್ಚಿದ ಬಾಯಿ ಆಮೇಲೆ ಯಾರ ಮುಂದೆಯೂ ತೆರೆಯಲಿಲ್ಲ. ಕುತ್ತಿಗೆಗೊಂದು ಸ್ಕಾರ್ಫ್ ಬಂತು, ಹೇಳಬೇಕಾದದ್ದನ್ನು ಫೋನಿನಲ್ಲಿ ಟೈಪ್ ಮಾಡಿ ತೋರಿಸುವುದು ಬಂತು. ನನ್ನ ಹತ್ತಿರವೂ ಅಷ್ಟೇ. ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಒಬ್ಬರೇ ಮಾತಾಡುವುದು ಮಾತ್ರ ನನಗೆ ಕೇಳಿಸುತ್ತಿತ್ತು. ನಾನು ಬಾಗಿಲಾಚೆ ಟವೆಲ್ ಹಿಡಿದು, ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ. ನಲ್ಲಿ ನಿಂತರೆ ಮಾತೂ ನಿಲ್ಲುತ್ತಿತ್ತು.

ಡ್ರೈವಿಂಗ್ ಶಾಲೆಯ ಯಜಮಾನ ಒಳ್ಳೆಯ ಮನುಷ್ಯ. "ಸೀಟು ನಿಮ್ಮದೇ ಮೇಷ್ಟ್ರೇ. ಆದ್ರೆ ಕಲಿಯೋರಿಗೆ ಬಾಯಿಬಿಟ್ಟು ಹೇಳ್ಬೇಕಲ್ಲ? ಚಳಿ ಶುರುವಾಗೋವರೆಗೂ ಕಾಯ್ತೀನಿ" ಅಂದ. ಆಸ್ಪತ್ರೆಯ ಮೇಡಂ ಕೂಡ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಗಂಟಲಲ್ಲಿ ಏನೂ ಅಡ್ಡಿಯಿಲ್ಲ. ಜನರ ಮುಂದೆ ಒಂದು ಸಲ ಮಾತಾಡ್ಬೇಕು, ಅಷ್ಟೇ. ಹೀಗೇ ಬಿಟ್ರೆ ಸುಮ್ಮನಿರೋದೇ ರೂಢಿಯಾಗ್ಬಿಡುತ್ತೆ." ನಾನೇನು ಮಾಡಲಿ? ಮಾಡಲಿಕ್ಕೆ ನನಗೆ ಬರುವುದು ಒಂದೇ. ಅವರ ಪರವಾಗಿ ನಾನೇ ಮಾತಾಡತೊಡಗಿದೆ. ಅವರು ಹುಬ್ಬೇರಿಸಿದರೆ "ಚಹಾಕ್ಕೆ ಸಕ್ಕರೆ ಜಾಸ್ತಿಯಾಯ್ತಂತೆ" ಅಂತ ನಾನು ಹೇಳುವುದು, ತಲೆಯಾಡಿಸಿದರೆ "ಚೆನ್ನಾಗಿದಾರಂತೆ, ಥ್ಯಾಂಕ್ಸ್ ಹೇಳ್ತಿದಾರೆ" ಅನ್ನುವುದು. ಅವರು ಹುಬ್ಬೇರಿಸಿದ್ದು ನೊಣ ಕೂತದ್ದಕ್ಕೂ ಇರಬಹುದು, ಕೇಳಿದವರು ಯಾರು?

ಇಷ್ಟರಲ್ಲಿ ಎಲೆ ಹಣ್ಣಾಗುವ ಕಾಲ ಬಂತು. ಪ್ರತಿ ವರ್ಷ ಆ ಕಾಲದಲ್ಲಿ, ಮೊದಲ ಮಂಜು ಬೀಳುವವರೆಗೆ, ವಾರಾಂತ್ಯ ಬಂತೆಂದರೆ ನಾವು ಐದು ಜನ ಊರಾಚೆಯ ಕೆರೆಯ ದಂಡೆಯಲ್ಲಿ ಟೆಂಟ್ ಹಾಕುತ್ತೇವೆ. ಶನಿವಾರ ಹೋಗುವುದು, ಭಾನುವಾರ ಬರುವುದು. ನಾವಿಬ್ಬರು, ನನ್ನ ನಾದಿನಿ, ಮತ್ತೆ ಒಬ್ಬ ಪ್ಲಂಬರ್ ಮತ್ತು ಅವನ ಹೆಂಡತಿ. ನಾದಿನಿ ಟವರ್ ಕ್ರೇನ್ ನಡೆಸುತ್ತಾಳೆ. ಇಡೀ ವಾರ ಮೋಡದ ಪಕ್ಕ ಒಂದು ಗಾಜಿನ ಡಬ್ಬಿಯಲ್ಲಿ ಒಬ್ಬಳೇ ಕೂತಿದ್ದು, ಕೆಳಗಿಳಿದರೆ ಸಿಕ್ಕವರ ಕಿವಿ ತಿನ್ನುತ್ತಾಳೆ. ಪ್ಲಂಬರ್ ನನ್ನನ್ನು ಅಕ್ಕ ಅನ್ನುತ್ತಾನೆ. ಅವನನ್ನು ನಾವೆಲ್ಲ ಸೋರಿಕೆ ಅಂತ ಕರೆಯುವುದು. ಕಸುಬಿನಿಂದ ಬಂದ ಹೆಸರು ಅಂತ ಅವನು ಹೊರಗಿನವರ ಹತ್ತಿರ ಹೇಳಿಕೊಳ್ಳುತ್ತಾನೆ. ಸುಳ್ಳು. ಅವನ ಹೊಟ್ಟೆಯಲ್ಲಿ ಒಂದು ಗುಟ್ಟು ನಿಲ್ಲುವುದಿಲ್ಲ, ಅದಕ್ಕೆ ಬಂದ ಹೆಸರು. ಅವನ ಹೆಂಡತಿ ಪ್ರೈಮರಿ ಶಾಲೆಯ ಟೀಚರು. ನಮ್ಮಲ್ಲೆಲ್ಲ ಅವಳೇ ಬುದ್ಧಿವಂತೆ ಅಂತ ಲೆಕ್ಕ, ಮತ್ತು ಈ ಕಥೆಯ ಅವಾಂತರವೆಲ್ಲ ಅವಳ ಬುದ್ಧಿವಂತಿಕೆಯಿಂದಲೇ ಆದದ್ದು.

ಈ ಮೂವರ ಬಗ್ಗೆ ಬೈಯುವ ಮೊದಲು ಒಂದು ಮಾತು ಹೇಳಬೇಕು. ನನ್ನ ಗಂಡ ಆಸ್ಪತ್ರೆಯಲ್ಲಿರುವಾಗ ನಾದಿನಿ ಕೆಲಸ ಮುಗಿಸಿ, ಹೆಲ್ಮೆಟ್ಟಿನ ಗುರುತು ಹಣೆಯ ಮೇಲೆ ಇರುವಂತೆಯೇ ಬಂದು ಕಬ್ಬಿಣದ ಕುರ್ಚಿಯಲ್ಲಿ ನಿದ್ದೆಮಾಡಿದಳು. ಕುತ್ತಿಗೆಯ ರಂಧ್ರಕ್ಕೆ ನೀರು ಹೋಗಬಾರದು ಅಂತ ಗೊತ್ತಾದ ದಿನವೇ ಸೋರಿಕೆ ನಮ್ಮ ಬಚ್ಚಲಿನ ಶವರನ್ನು ಕಿತ್ತು, ಎದೆಯ ಮಟ್ಟದಲ್ಲಿ ಬೇರೆ ಕೂರಿಸಿಕೊಟ್ಟ. ಟೀಚರು ರಜೆ ಹಾಕಿ ನನ್ನ ಅಂಗಡಿಯಲ್ಲಿ ಕೂತಳು. ಹೊಲಿಗೆ ಬರುವುದಿಲ್ಲ, ಆದರೂ ಕೂತಳು, ಬಂದ ಗಿರಾಕಿಗಳನ್ನೆಲ್ಲ ಮಕ್ಕಳಂತೆ ಸಾಲಾಗಿ ನಿಲ್ಲಿಸಿದಳಂತೆ. ಸ್ವಂತ ಅಕ್ಕತಂಗಿಯರು ಇಷ್ಟು ಮಾಡುತ್ತಾರೋ ಇಲ್ಲವೋ. ಈ ಜನ್ಮದಲ್ಲಿ ನಾನು ಇವರ ಋಣ ತೀರಿಸಲಾರೆ, ತೀರಿಸುವ ಮನಸ್ಸೂ ಇಲ್ಲ.

ಹೋಗಲಿ, ವಿಷಯಕ್ಕೆ ಬರೋಣ. ಈ ವರ್ಷ ಕೆರೆಗೆ ಹೋಗೋಣವೇ ಅಂತ ನಾನು ಹೆದರುತ್ತಲೇ ಕೇಳಿದೆ. ಗಂಡ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರು: "ಬರ್ತೀನಿ. ಆದರೆ ಯಾರೂ ನನ್ನನ್ನ ಮಾತಾಡಿಸಬಾರದು." ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬರಲು ಒಪ್ಪಿದರಲ್ಲ, ಅಷ್ಟು ಸಾಕು. ಆ ಮೂವರ ಎದುರು, ಆ ಬೆಂಕಿಯ ಪಕ್ಕ ಬಾಯಿ ಬಿಡದಿದ್ದರೆ ಇನ್ನೆಲ್ಲಿ ಬಿಡುತ್ತಾರೆ? ಇವರ ಷರತ್ತನ್ನು ನಾನು ಟೀಚರಿಗೆ ಹಾಗೆಯೇ ತಲುಪಿಸಿದೆ. "ಚಿಂತೆ ಮಾಡ್ಬೇಡಿ, ನಾನು ನೋಡ್ಕೋತೀನಿ" ಅಂದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಶನಿವಾರ ಬೆಳಿಗ್ಗೆ ಸೋರಿಕೆಯ ವ್ಯಾನು ಬಂತು. ಹಿಂದೆ ಪೈಪುಗಳು, ಪೈಪುಗಳ ಮೇಲೆ ಟೆಂಟುಗಳು. ನಾವು ಹತ್ತಿದೆವು. ಮೂವರೂ ನಮ್ಮನ್ನು ನೋಡಿ ಹಲ್ಲು ಕಿರಿದರು, ತಲೆಯಾಡಿಸಿದರು, ಅಷ್ಟೇ. ಬಾಯಿ ಬಿಡಲಿಲ್ಲ. ಇವರಿವರಲ್ಲೇ ಏನೋ ಜಗಳವಾಗಿದೆ ಅಂದುಕೊಂಡೆ. ಸರಿಮಾಡೋಣ ಅಂತ ನಾನೇ ಶುರುಮಾಡಿದೆ. ಅಂಗಡಿಯ ಸುದ್ದಿ ಹೇಳಿದೆ, ಹವೆಯ ಬಗ್ಗೆ ಹೇಳಿದೆ, ರಸ್ತೆಯ ಪಕ್ಕದ ಮರಗಳು ಎಷ್ಟು ಹಳದಿಯಾಗಿವೆ ನೋಡಿ ಅಂದೆ. ನಾದಿನಿ ಮರ ನೋಡಿ ಹೆಬ್ಬೆರಳೆತ್ತಿ ತೋರಿಸಿದಳು. ಈ ನಾದಿನಿ! ತನ್ನ ಮದುವೆಯ ದಿನವೂ ಒಂದು ಗಳಿಗೆ ಸುಮ್ಮನೆ ಕೂತವಳಲ್ಲ! ಊರು ದಾಟಿ ಹೊಲಗಳ ನಡುವೆ ಬಂದರೂ ವ್ಯಾನಿನಲ್ಲಿ ನನ್ನೊಬ್ಬಳದೇ ಸದ್ದು. ಗೋಡೆಯ ಹತ್ತಿರ ಮಾತಾಡಿದರೂ ಇದಕ್ಕಿಂತ ಮೇಲು ಅನ್ನಿಸಿತು. ಗಂಡ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಅವರ ಕೈ ಸ್ಕಾರ್ಫನ್ನು ಇನ್ನಷ್ಟು ಬಿಗಿಯಾಗಿ ಸುತ್ತುತ್ತಿತ್ತು.

ಕೆರೆಯ ದಂಡೆ ಎಂದಿನಂತೆ ಚೆಂದವಾಗಿತ್ತು. ನೆಲದ ತುಂಬ ಎಲೆ. ಕಾಲಿಟ್ಟಲ್ಲೆಲ್ಲ ಚರಚರ. ನೀರಿನ ಮೇಲೆ ಬಿಸಿಲು ತೆಳ್ಳಗೆ ಬಿದ್ದಿತ್ತು, ಗಾಳಿಯಲ್ಲಿ ಆಗಲೇ ಚಳಿಯ ಅಂಚು. ಪ್ರತಿ ವರ್ಷ ಇಲ್ಲಿ ಇಳಿದ ಕೂಡಲೇ ಗದ್ದಲವೋ ಗದ್ದಲ. ಅದು ನನ್ನ ಹಾಸಿಗೆ, ಇದು ನಿನ್ನ ಸುತ್ತಿಗೆ, ಕಲ್ಲಿನ ಮೇಲೆ ಟೆಂಟ್ ಹಾಕಿದವರು ಯಾರು, ಕತ್ತೆ! ಈ ವರ್ಷ ಎಲೆಯ ಸದ್ದು ಮಾತ್ರ. ನಾದಿನಿ ಟೆಂಟಿನ ಕಂಬಿ ಬೇಕು ಅಂತ ಬೆರಳನ್ನು ಮೇಲಕ್ಕೆ ತೋರಿಸಿದರೆ, ಸೋರಿಕೆ ಆಕಾಶ ನೋಡಿ, ಮಳೆ ಬರುವುದಿಲ್ಲ ಅಂತ ಕೈಯಾಡಿಸಿದ. ಟೀಚರು ಗೂಟ ಹೊಡಿ ಅಂತ ಮುಷ್ಟಿಯಿಂದ ಸನ್ನೆ ಮಾಡಿದರೆ, ನಾದಿನಿ ತನಗೆ ಹೊಡೆಯಲು ಬರುತ್ತಿದ್ದಾಳೆ ಅಂತ ಎರಡು ಹೆಜ್ಜೆ ಹಿಂದೆ ಸರಿದಳು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಆದರೆ ಗಂಡನ ಮುಖ ನೋಡಿದೆ. ಅವರು ಒಂದು ಬೊಡ್ಡೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಮುಖ ಸಣ್ಣದಾಗಿತ್ತು.

ಬೆಂಕಿ ಹೊತ್ತಿಸುವುದು ಯಾವಾಗಲೂ ಅವರ ಕೆಲಸ. ಎದ್ದುಹೋಗಿ ಕಟ್ಟಿಗೆ ಜೋಡಿಸಿದರು, ಕಡ್ಡಿ ಗೀರಿದರು. ಕಿಡಿ ಹತ್ತಿತು. ಊದಲು ಬಗ್ಗಿದರು. ಬಗ್ಗಿದ ಮೇಲೆ ನೆನಪಾಗಿರಬೇಕು, ಈಗ ಬಾಯಿಂದ ಊದಲಾಗುವುದಿಲ್ಲ ಅಂತ. ಹಾಗೆಯೇ ಒಂದು ಗಳಿಗೆ ಬಗ್ಗಿಯೇ ಇದ್ದರು. ಸೋರಿಕೆ ಓಡಿಬಂದು ತಟ್ಟೆಯಿಂದ ಗಾಳಿ ಹಾಕಿದ, ಹೊಗೆ ಬರುವ ಕಡೆಯಿಂದ ಅವರನ್ನು ಈಚೆ ಕೂರಿಸಿದ, ಭುಜ ತಟ್ಟಿದ. ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದ, ಆದರೆ ಒಂದೇ ಒಂದು ಮಾತಾಡಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

ನೀರು ತರುವ ನೆಪದಲ್ಲಿ ಸೋರಿಕೆಯನ್ನು ತೋಳು ಹಿಡಿದು ಎಳೆದುಕೊಂಡು ಹೋದೆ. ಮರದ ಮರೆಯಲ್ಲಿ ನಿಲ್ಲಿಸಿ, "ಏನಾಗಿದೆಯೋ ನಿಮಗೆಲ್ಲ? ಬಾಯಿಗೆ ಬೀಗ ಹಾಕ್ಕೊಂಡು ಬಂದಿದೀರಾ?" ಅಂದೆ.

ಅವನು ಬಾಯಿಗೆ ಕೈ ಮುಚ್ಚಿಕೊಂಡ. ಆ ಕಡೆ ಈ ಕಡೆ ನೋಡಿದ. ಪಾಪ, ಬೆಳಗಿನಿಂದ ಹೊಟ್ಟೆಯಲ್ಲಿ ಗುಟ್ಟು ಇಟ್ಟುಕೊಂಡು ಅವನ ಮುಖವೇ ಊದಿಕೊಂಡಿತ್ತು.

"ಅಕ್ಕ, ಹೇಳ್ಬಾರ್ದು."

"ಹೇಳೋ!"

"ನನ್ನ ಹೆಂಡ್ತಿ ಐಡಿಯಾ ಅಕ್ಕ. ಅವಳ ಕ್ಲಾಸಲ್ಲಿ ಒಂದು ಮಗು ಬಲಗೈ ಮುರ್ಕೊಂಡಿತ್ತಂತೆ. ಅದಕ್ಕೆ ಬೇಜಾರಾಗ್ಬಾರ್ದು ಅಂತ ಇಡೀ ಕ್ಲಾಸು ಎಡಗೈಲಿ ಬರೀತಂತೆ. ಮಗು ಎಷ್ಟು ಖುಷಿಪಡ್ತು ಗೊತ್ತಾ? ಅದಕ್ಕೇ, ಮೇಷ್ಟ್ರು ಮಾತಾಡಲ್ಲ ಅಂದ್ರೆ ನಾವ್ಯಾರೂ ಮಾತಾಡೋದು ಬೇಡ ಅಂತ ತೀರ್ಮಾನ ಮಾಡಿದ್ವಿ. ನಿಮಗೆ ಹೇಳ್ಲಿಲ್ಲ, ಯಾಕಂದ್ರೆ…" ಅವನು ತಲೆ ತಗ್ಗಿಸಿದ. "ನಿಮ್ಮ ಕೈಲಿ ಆಗಲ್ಲ ಅಂತ ಮೂರು ಜನಕ್ಕೂ ಗೊತ್ತಿತ್ತು."

"ನಿಮ್ಮ ತಲೆಗಿಷ್ಟು ಬೆಂಕಿ ಹಾಕ!" ಅಂದೆ. ಬೈಯುತ್ತಿರುವಾಗಲೇ ನನಗೆ ಕಣ್ಣು ತುಂಬಿಬಂತು. ಬಾಯಿಬಡುಕಿ ನಾದಿನಿ, ಹೊಟ್ಟೆಯಲ್ಲಿ ಗುಟ್ಟು ನಿಲ್ಲದ ಇವನು, ಇಡೀ ದಿನ ಮಕ್ಕಳ ಮೇಲೆ ಕೂಗುವ ಟೀಚರು, ಮೂವರೂ ಬೆಳಗಿನಿಂದ ಬಾಯಿ ಹೊಲಿದುಕೊಂಡು ಕೂತಿರುವುದು ನನ್ನ ಗಂಡನಿಗೋಸ್ಕರ. ಇಂಥ ದಡ್ಡತನಕ್ಕೆ ಕೈಯೆತ್ತಿ ಮುಗಿಯಬೇಕೋ, ಕೈಯೆತ್ತಿ ಬಾರಿಸಬೇಕೋ ತಿಳಿಯಲಿಲ್ಲ. "ಬಾ, ಈಗಲೇ ಎಲ್ಲರೂ ಬಾಯಿ ಬಿಡಿ" ಅಂತ ಅವನನ್ನು ಕರೆದುಕೊಂಡು ಓಡುಗಾಲಲ್ಲಿ ವಾಪಸ್ಸು ಬಂದೆ. ನೀರಿನ ಕ್ಯಾನು ಅಲ್ಲೇ ಉಳಿಯಿತು.

ಬರುವಷ್ಟರಲ್ಲಿ ತಡವಾಗಿತ್ತು. ಗಂಡ ತಮ್ಮ ಹಾಸಿಗೆ ಸುತ್ತಿ, ಚೀಲಕ್ಕೆ ಕಟ್ಟಿ, ವ್ಯಾನಿನ ಪಕ್ಕ ನಿಂತಿದ್ದರು. ನನ್ನನ್ನು ಕಂಡು ಫೋನು ಚಾಚಿದರು. ಅದರಲ್ಲಿ ಬರೆದಿತ್ತು: "ಮನೆಗೆ ಹೋಗೋಣ. ನಾನು ಹೀಗಿರೋದನ್ನ ನೋಡಿ ಇವರಿಗೆ ಮಾತೇ ಹೊರಡ್ತಿಲ್ಲ. ಇವರ ಖುಷಿ ಯಾಕೆ ಹಾಳು ಮಾಡ್ಲಿ? ಮುಂದಿನ ಸಲದಿಂದ ನೀನೊಬ್ಬಳೇ ಬಾ. ಡ್ರೈವಿಂಗ್ ಸ್ಕೂಲಿಗೂ ಹೇಳಿಬಿಡ್ತೀನಿ, ಬೇರೆಯವರನ್ನ ನೋಡ್ಕೊಳ್ಳಲಿ."

ಇವತ್ತು ಈ ಮನುಷ್ಯ ವ್ಯಾನು ಹತ್ತಿದರೆ ಮುಗಿಯಿತು, ಇನ್ನು ಆ ಬಚ್ಚಲಿನ ಬಾಗಿಲ ಹಿಂದೆ ಮಾತ್ರ ಆ ದನಿ, ಕೊನೆಯವರೆಗೂ. ಅದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. "ರೀ, ಹಾಗಲ್ಲ, ನೀವು ತಪ್ಪು ತಿಳ್ಕೊಂಡಿದೀರಿ, ಕೇಳಿ ಇಲ್ಲಿ" ಅಂತ ಶುರುಮಾಡಿದೆ. ಅವರು ಕೈ ಅಡ್ಡ ಹಿಡಿದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಎಷ್ಟು ಮಾತಾಡಿದರೂ ಅದು ಸಮಾಧಾನದ ಮಾತು ಅಂತಲೇ ಅವರು ತೆಗೆದುಕೊಳ್ಳುವುದು. ಆರು ತಿಂಗಳಿಂದ ಅವರಿಗೆ ನಾನು ಸಮಾಧಾನವನ್ನೇ ಅಲ್ಲವೇ ಹೇಳಿದ್ದು?

ಆಗಲೇ ಹಿಂದೆ ಧೊಪ್ ಅಂತ ಸದ್ದಾಯಿತು. ತಿರುಗಿ ನೋಡಿದರೆ ದೊಡ್ಡ ಟೆಂಟು ನೆಲಸಮ. ಒಳಗೆ ಕಂಬಿ ಸಿಕ್ಕಿಸುತ್ತಿದ್ದ ಟೀಚರು ಮತ್ತು ನಾದಿನಿ ಬಟ್ಟೆಯ ಕೆಳಗೆ. ಬೇರೆ ಯಾರಾದರೂ ಆಗಿದ್ದರೆ ಕಿರುಚಿಕೊಳ್ಳುತ್ತಿದ್ದರು. ಇವರು ಕಿರುಚಲಿಲ್ಲ! ಮಾತು ಕೊಟ್ಟಿದ್ದಾರಲ್ಲ! ಬಟ್ಟೆಯ ಕೆಳಗೆ ಎರಡು ಗುಡ್ಡಗಳು ಆ ಕಡೆ ಈ ಕಡೆ ಹರಿದಾಡಿದವು, ಒಂದಕ್ಕೊಂದು ಢಿಕ್ಕಿ ಹೊಡೆದವು, ಮತ್ತೆ ಬೇರೆಯಾದವು. ಒಳಗಿನಿಂದ ಒಂದು ಕೈ ಬಟ್ಟೆಯನ್ನು ಚುಚ್ಚಿ ಚುಚ್ಚಿ ಏನೋ ಸನ್ನೆ ಮಾಡುತ್ತಿತ್ತು. ಸೋರಿಕೆ ಓಡಿಹೋದ. ಹೋಗಿ ಏನು ಮಾಡಿದ ಗೊತ್ತೇ? ನಾನು ಬಾಯಿ ಬಿಡಿ ಅಂದದ್ದನ್ನು ಗಾಬರಿಯಲ್ಲಿ ಮರೆತು ಟೆಂಟಿನ ಮುಂದೆ ನಿಂತು, ಬಟ್ಟೆಯ ಕೆಳಗಿರುವ ಹೆಂಗಸರಿಗೆ ಬಲಕ್ಕೆ ಬನ್ನಿ, ಎಡಕ್ಕೆ ಬನ್ನಿ ಅಂತ ಎರಡೂ ಕೈಯೆತ್ತಿ ಸನ್ನೆ ಮಾಡತೊಡಗಿದ!

ನನ್ನ ಗಂಡ ನೋಡಿದರು. ಒಂದು ಗಳಿಗೆ ನೋಡಿದರು. ಅವರಿಗೆ ಜಗತ್ತಿನಲ್ಲಿ ಏನನ್ನಾದರೂ ಸಹಿಸಲಿಕ್ಕಾಗುತ್ತದೆ, ದಾರಿ ತೋರಿಸುವವನು ಸರಿಯಾಗಿ ತೋರಿಸದಿದ್ದರೆ ಮಾತ್ರ ಆಗುವುದಿಲ್ಲ. ಚೀಲ ಕೆಳಗೆ ಬಿತ್ತು. ದಾಪುಗಾಲು ಹಾಕಿ ಟೆಂಟಿನ ಹತ್ತಿರ ಹೋದರು, ಸ್ಕಾರ್ಫ್ ಕಿತ್ತೆಸೆದರು, ಹೆಬ್ಬೆರಳನ್ನು ಕುತ್ತಿಗೆಗೆ ಒತ್ತಿದರು.

"ನಿಮಗೇನ್ರೋ ಬಂದಿದೆ ರೋಗ? ಆಪರೇಷನ್ ಆಗಿರೋದು ನನಗೆ!"

ಆ ಒರಟು ದನಿ ನೀರಿನ ಮೇಲೆ ಹೋಗಿ ಆಚೆ ದಡದ ಹಕ್ಕಿಗಳನ್ನೆಬ್ಬಿಸಿತು. ಸೋರಿಕೆಯ ಎರಡು ಕೈಯೂ ಗಾಳಿಯಲ್ಲೇ ನಿಂತವು. ಬಟ್ಟೆಯ ಕೆಳಗಿನ ಗುಡ್ಡಗಳೂ ಅಲ್ಲಾಡುವುದನ್ನು ನಿಲ್ಲಿಸಿದವು.

ಟೆಂಟಿನೊಳಗಿಂದ ನಾದಿನಿಯ ದನಿ ಬಂತು, ಮೆಲ್ಲಗೆ. "ಅಣ್ಣಾ? ಅದು ನೀನಾ?"

"ಇನ್ಯಾರು? ಎಡಗಡೆ ಕಂಬಿ ಹಿಡಿ. ಅದು ಟೀಚರ್ ಕಾಲು, ಬಿಡು. ಹಾಂ, ಅದೇ. ಮೇಲಕ್ಕೆತ್ತು. ನಿಧಾನ! ಟೀಚರೇ, ನೀವು ಅಲ್ಲಾಡ್ಬೇಡಿ. ಏನಯ್ಯಾ, ನೀನು ಕೈ ಕೆಳಗಿಳಿಸಿ ಆ ಮೂಲೆ ಹಿಡ್ಕೋ."

ಪ್ರತಿ ಮಾತಿಗೂ ಅವರು ಬೆರಳು ತೆಗೆದು ಉಸಿರು ಎಳೆದುಕೊಳ್ಳಬೇಕಿತ್ತು. ಎಳೆದುಕೊಂಡರು, ಮತ್ತೆ ಒತ್ತಿದರು, ಮತ್ತೆ ಹೇಳಿದರು. ಟೆಂಟು ಎದ್ದು ನಿಂತಿತು. ಕೂದಲೆಲ್ಲ ಕೆದರಿದ ಇಬ್ಬರು ಹೆಂಗಸರು ಹೊರಗೆ ಬಂದರು. ನಾದಿನಿ ಅಣ್ಣನ ಎದುರು ನಿಂತು ಬಾಯಿ ತೆರೆದಳು. ಆಮೇಲೆ ಏನಾಯಿತು ಅಂತ ಬೇರೆ ಹೇಳಬೇಕೇ? ಬೆಳಗಿನಿಂದ ಕಟ್ಟಿಟ್ಟ ಮಾತೆಲ್ಲ ಒಡ್ಡು ಒಡೆದು ಬಂತು. ಮೂವರೂ ಒಟ್ಟಿಗೆ ಮಾತಾಡಿದರು, ಒಟ್ಟಿಗೆ ಅತ್ತರು. ಟೀಚರು ಎಡಗೈಯಲ್ಲಿ ಬರೆದ ಕ್ಲಾಸಿನ ಕಥೆಯನ್ನು ಹೇಳುತ್ತಾ, "ಮಗು ಅಷ್ಟು ಖುಷಿಪಟ್ಟಿತ್ತು ಮೇಷ್ಟ್ರೇ, ನೀವ್ಯಾಕೆ ಪಡ್ಲಿಲ್ಲ?" ಅಂತ ಬಿಕ್ಕುತ್ತಿದ್ದಳು. ಗಂಡ ನಕ್ಕರು. ಅವರ ನಗುವಿಗೆ ಈಗ ಸದ್ದಿಲ್ಲ. ಭುಜ ಕುಣಿಯುತ್ತದೆ, ಕುತ್ತಿಗೆಯಿಂದ ಸಣ್ಣ ಸಿಳ್ಳೆಯಂಥ ಗಾಳಿ ಬರುತ್ತದೆ. ಆರು ತಿಂಗಳಲ್ಲಿ ನಾನು ಮೊದಲ ಸಲ ಅದನ್ನು ಕೇಳಿದ್ದು.

ಸಂಜೆಗೆ ಬೆಂಕಿ ಚೆನ್ನಾಗಿ ಹಿಡಿದಿತ್ತು. ಇನ್ನೂ ಬೆಳಕಿತ್ತು. ಎಲ್ಲರೂ ಸುತ್ತ ಕೂತೆವು, ಇವರನ್ನು ಹೊಗೆ ಬಾರದ ಕಡೆ ಕೂರಿಸಿ. ಕೈಕೈಗೆ ಚಹಾದ ಲೋಟ. ಇವರು ಏನೋ ಹೇಳಬೇಕು ಅನ್ನುವಂತೆ ಎಲ್ಲರನ್ನೂ ನೋಡಿ ಹೆಬ್ಬೆರಳನ್ನು ಕುತ್ತಿಗೆಗೆ ತಂದರು. "ನೀವು ಮೂರು ಜನ…" ಅಂದರು. ಉಸಿರು ಸಾಲಲಿಲ್ಲ, ನಿಲ್ಲಿಸಿದರು.

"ಮಾಡಿದ್ದನ್ನ ಯಾವತ್ತೂ ಮರೆಯಲ್ಲ ಅಂತ ಹೇಳ್ತಿದಾರೆ" ಅಂದೆ ನಾನು. "ಆಸ್ಪತ್ರೇಲೂ ಅಷ್ಟೇ, ಯಾವಾಗ್ಲೂ…"

"ನೀನು ಸುಮ್ನಿರು" ಅಂದರು ಇವರು. ಸಿಟ್ಟಿನಿಂದಲ್ಲ. ನನ್ನ ಮಂಡಿಯ ಮೇಲೆ ಇನ್ನೊಂದು ಕೈ ಇಟ್ಟು ಅಂದರು. "ನನಗೆ ಹೇಳೋಕೆ ಬರುತ್ತೆ. ಸ್ವಲ್ಪ ನಿಧಾನ, ಅಷ್ಟೇ."

ಸುಮ್ಮನಿರು ಅಂದರೆ ನಾನು ಯಾವ ಕಾಲಕ್ಕೂ ಸುಮ್ಮನಿದ್ದವಳಲ್ಲ. ಆ ಹೊತ್ತು ಮಾತ್ರ ಆ ಮಾತಿನಷ್ಟು ಹಿತವಾದದ್ದನ್ನು ನಾನು ಕೇಳಿಯೇ ಇರಲಿಲ್ಲ. ಬಾಯಿ ಮುಚ್ಚಿದೆ.

"ನೀವು ಮೂರು ಜನ ದಡ್ಡರು" ಅಂದರು ಇವರು. ಎಲ್ಲರೂ ನಕ್ಕರು. ಇವರು ಬೆರಳು ತೆಗೆದು ಉಸಿರಾಡಿದರು. ಮುಖ ಗಂಭೀರವಾಯಿತು. "ಆಸ್ಪತ್ರೆಯಲ್ಲಿ ಮೊದಮೊದಲು ನನಗೆ ಬದುಕೋದೇ ಬೇಡವಾಗಿತ್ತು. ನಿಜ ಹೇಳ್ತಿದೀನಿ. ಕಣ್ಣು ಮುಚ್ಕೊಂಡು ಬಿದ್ದಿರ್ತಿದ್ದೆ. ಬಾಯಿಲ್ಲದೆ ಎದ್ದು ಏನು ಮಾಡೋದು ಅಂತ." ಮತ್ತೆ ಉಸಿರು. ಕಟ್ಟಿಗೆಯೊಂದು ಚಟ್ ಅಂತ ಸಿಡಿಯಿತು. "ಆಮೇಲೆ ಮನಸ್ಸು ಬದಲಾಯಿಸ್ದೆ. ಯಾಕೆ ಅಂದ್ರೆ…"

ಅಲ್ಲಿಗೆ ನಿಲ್ಲಿಸಿ ಕೆಮ್ಮಿದರು. ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಮೂವರೂ ರೂಢಿಯಂತೆ ನನ್ನ ಕಡೆ ನೋಡಿದರು. ವಾಕ್ಯದ ಉಳಿದರ್ಧ ನನ್ನ ನಾಲಿಗೆಯ ತುದಿಯಲ್ಲಿತ್ತು: ನಾನಿಲ್ಲದಿದ್ರೆ ಊರಲ್ಲಿ ಗಾಡಿಗಳೆಲ್ಲ ಕಂಬಕ್ಕೆ ಗುದ್ದುತ್ವೆ ಅಂತ. ಅಂಥದ್ದೇ ಏನೋ ತಮಾಷೆ ಹೇಳುತ್ತಾರೆ, ನನಗೆ ಗೊತ್ತಿಲ್ಲವೇ ನನ್ನ ಗಂಡ? ತುಟಿ ಕಚ್ಚಿಕೊಂಡು ಕೂತೆ. ಕಾದೆ. ಅವರು ಕರವಸ್ತ್ರವನ್ನು ಮಡಿಸಿ ಜೇಬಿಗಿಟ್ಟರು.

"ಇವಳು ದಿನಾ ಬಂದು ಪಕ್ಕದಲ್ಲಿ ಕೂತು ಮಾತಾಡ್ತಿದ್ಳು" ಅಂದರು. "ನಮ್ಮ ಕೆಳಗಿನ ಮನೆ ಅತ್ತೆ ಸೊಸೆ ಜಗಳ. ಅತ್ತೆ ಮಂಚ ಮಾರಿದ್ದು, ಸೊಸೆ ಅದನ್ನೇ ವಾಪಸ್ಸು ಕೊಂಡ್ಕೊಂಡು ಬಂದಿದ್ದು. ಹೊತ್ತಾಯ್ತು ಅಂತ ನರ್ಸ್ ಬಂದು ಇವಳನ್ನ ಎಬ್ಬಿಸಿ ಕಳಿಸೋರು, ಕಥೆ ಅರ್ಧಕ್ಕೇ ನಿಲ್ಲೋದು. ಮಾರನೇ ದಿನ ಏನಾಯ್ತು ಅಂತ ಕೇಳ್ಬೇಕಲ್ಲ?" ಉಸಿರು ಎಳೆದುಕೊಂಡರು. "ಹಾಗೇ ಒಂದೊಂದೇ ದಿನ ಬದುಕಿದೆ."

ನಾನಂತೂ ಆ ದಿನಗಳಲ್ಲಿ ಅವರಿಗೆ ಕೇಳಿಸುತ್ತಲೇ ಇಲ್ಲ ಅಂದುಕೊಂಡಿದ್ದೆ. ಅವರು ಕಣ್ಣು ಮುಚ್ಚಿ ಮಲಗಿರುತ್ತಿದ್ದರು, ಪಕ್ಕದಲ್ಲಿ ಯಂತ್ರ ಸದ್ದು ಮಾಡುತ್ತಿತ್ತು, ಆ ಸದ್ದು ಕೇಳಲಾರದೆ ಹೆದರಿಕೆಗೆ ನಾನು ಬಾಯಿಗೆ ಬಂದದ್ದನ್ನೆಲ್ಲ ಒದರುತ್ತಿದ್ದೆ. ಜೀವಮಾನವಿಡೀ ಬಾಯಿಬಡುಕಿ ಅನ್ನಿಸಿಕೊಂಡಿದ್ದೇನೆ. ಈ ಬಾಯಿಯಿಂದ ಯಾರಿಗಾದರೂ ಇಷ್ಟು ಉಪಕಾರವಾದೀತು ಅಂತ ನನಗೆ ಯಾರೂ ಹೇಳಿರಲಿಲ್ಲ.

ಇವರು ಮತ್ತೆ ಹೆಬ್ಬೆರಳು ಒತ್ತಿದರು. "ಆ ಮಂಚ ಕೊನೆಗೆ ಯಾರ ಪಾಲಾಯ್ತು? ನನ್ನನ್ನ ಡಿಸ್ಚಾರ್ಜ್ ಮಾಡಿಬಿಟ್ರು, ನೀನು ಹೇಳೋದನ್ನೇ ಮರೆತೆ."

ಹೇಳಲು ಬಾಯಿ ತೆರೆದೆ, ಅಳು ಬಂತು. ನಾದಿನಿ ಬೆನ್ನು ಸವರಿದಳು, ಟೀಚರು ನೀರು ಕೊಟ್ಟಳು, ಸೋರಿಕೆ ತಾನೇ ಮೂಗೊರೆಸಿಕೊಳ್ಳುತ್ತಾ "ಹೇಳಿ ಅಕ್ಕ, ಹೇಳಿ" ಅಂದ. ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮಂಚದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ, ಅತ್ತೆಯ ದನಿ ಬೇರೆ ಸೊಸೆಯ ದನಿ ಬೇರೆ ಮಾಡಿ. ನನ್ನ ಗಂಡ ಮಂಡಿ ಅಪ್ಪಿಕೊಂಡು ಕೂತು ಒಂದು ಮಾತನ್ನೂ ಬಿಡದೆ ಕೇಳಿದರು.